ಮೊದಲ ಹೆಂಡತಿಯ ಹದಿನೈದರ ಮಗ, ನಮ್ಮ ಒಂದೂವರೆ ವರ್ಷದ ಕೂಸು: ಇಬ್ಬರಲ್ಲೂ ಪ್ರೀತಿ ಬೆಳೆಸುವುದು ಹೇಗೆ?

ನಾನೂ ಇಂಥದ್ದೇ ಮನೆಗೆ ಎರಡನೇ ಹೆಂಡತಿಯಾಗಿ ಬಂದವಳು, ಹಾಗಾಗಿ ನೇರವಾಗಿ ಹೇಳ್ತೀನಿ. ತಾಯಿಯನ್ನು ಕಳಕೊಂಡ ಹುಡುಗ ಬಾಗಿಲು ಹಾಕ್ಕೊಂಡು ಕೂರ್ತಾನೆ, ಮಗುವನ್ನು ಮುಟ್ಟೋದೂ ಇಲ್ಲ ಅಂತ ಬರೆದಿದ್ದೀರಿ. ಅವರಿಬ್ಬರಲ್ಲಿ ಪ್ರೀತಿ ಹುಟ್ಟಿಸೋ ಕೆಲಸ ನಿಮ್ಮದಲ್ಲ. ಅದನ್ನು ಇವತ್ತೇ ಬಿಡಿ. ಮಗು ಬಂದ ಮೇಲೆ ಅವನ ಕೋಣೆ, ಅವನ ನಿದ್ದೆ, ಅವನ ಅಪ್ಪ, ಅವನ ಅಮ್ಮನ ನೆನಪು, ಇವುಗಳಲ್ಲಿ ಯಾವುದೂ ಕಡಿಮೆಯಾಗದ ಹಾಗೆ ನೋಡಿಕೊಳ್ಳಿ. ನಿಮ್ಮ ಕೈಲಿರೋದು ಅಷ್ಟೇ.

ಇಂಥ ಮನೆಗಳನ್ನು ಕೆಡಿಸೋ ಮಾತು ಒಂದಿದೆ: "ಸ್ವಲ್ಪ ಪಾಪು ನೋಡ್ಕೋ, ಸ್ನಾನ ಮಾಡಿ ಬರ್ತೀನಿ." ಕೇಳೋಕೆ ಏನೂ ಇಲ್ಲ ಅನ್ಸುತ್ತೆ. ಆದರೆ ಒಂದೂವರೆ ವರ್ಷದ ಮಗು ಸೋಫಾ ಹತ್ತುತ್ತೆ, ಕುರ್ಚಿ ಎಳೆಯುತ್ತೆ, ಬಾತ್‌ರೂಮಿನ ಬಕೆಟ್‌ಗೆ ಬಗ್ಗುತ್ತೆ. ಎಷ್ಟು ನೋಡಿಕೊಂಡರೂ ಒಂದು ದಿನ ಹಣೆ ಮೇಲೆ ಬುಗುಟು ಬಂದೇ ಬರುತ್ತೆ. ಒಂದೇ ತಾಯಿಯ ಮಕ್ಕಳಿರೋ ಮನೆಯಲ್ಲಾದರೆ ಎರಡು ಬೈಗುಳಕ್ಕೆ ಅದು ಮುಗಿಯಿತು. ಇಲ್ಲಿ "ನೀನೇನ್ ಮಾಡ್ತಿದ್ದೆ?" ಅನ್ನೋ ಪ್ರಶ್ನೆ ಅವನ ಕಿವಿಗೆ ಬೇರೆ ಥರವೇ ಕೇಳುತ್ತೆ. ಅಜ್ಜಿ ಬಂದು ಅವನ ಕೈಯಿಂದ ಮಗುವನ್ನು ಸರಕ್ಕನೆ ಕಿತ್ಕೋತಾರೆ. ಯಾರೂ ಬಾಯಿಬಿಟ್ಟು ಏನೂ ಅನ್ನಲ್ಲ, ಆದರೆ ಏಟು ಬಿದ್ದದ್ದು ಮಗುವಿಗಾದರೂ ಅನುಮಾನ ಬಿದ್ದದ್ದು ತನ್ನ ಮೇಲೆ ಅಂತ ಹುಡುಗನಿಗೆ ಗೊತ್ತಾಗಿಬಿಡುತ್ತೆ. ಆಮೇಲೆ ಮಗುವಿನ ತಂಟೆಗೇ ಹೋಗದಿರೋದು ಕ್ಷೇಮ ಅಂತ ತೀರ್ಮಾನ ಮಾಡ್ತಾನೆ. ನೀವು ದ್ವೇಷ ಅಂದುಕೊಂಡಿರೋದು ಬಹಳ ಸಲ ಈ ಎಚ್ಚರಿಕೆ ಮಾತ್ರ.

ಅದಕ್ಕೇ ಮಗುವಿನ ಪಹರೆಯನ್ನು ಅವನಿಗೆ ಒಪ್ಪಿಸಬೇಡಿ. ಸ್ನಾನಕ್ಕೆ ಹೋಗೋ ಮುಂಚೆ ಮಗುವನ್ನು ಗಂಡನಿಗೆ ಕೊಡಿ, ಇಲ್ಲಾ ಮಗು ಮಲಗಿದಾಗ ಸ್ನಾನ ಮಾಡಿ. ಅವನಿಂದ ಸಹಾಯ ಬೇಕೇ ಬೇಕು ಅಂದರೆ ಎಲ್ಲಿ ಮುಗಿಯುತ್ತೆ ಅಂತ ಮೊದಲೇ ಗೊತ್ತಿರೋ ಕೆಲಸ ಹೇಳಿ: ಹಾಲಿನ ಬಾಟಲಿ ತಂದುಕೊಡೋದು, ಗಾಡಿ ಮೆಟ್ಟಿಲಿಳಿಸೋದು. "ಆಗಲ್ಲ" ಅಂದರೆ ಅಲ್ಲಿಗೆ ಬಿಡಿ, ಮುಖ ಸಣ್ಣ ಮಾಡಬೇಡಿ. ಈ ವಯಸ್ಸಿನ ಮಕ್ಕಳಿಗೆ ದೊಡ್ಡ ಹುಡುಗರು ಅಂದರೆ ಪ್ರಾಣ. ಕೂಸು ತಾನೇ ಹೋಗಿ ಆ ಬಾಗಿಲು ಬಡಿಯುತ್ತೆ. ಅವನು ಚೆಂಡು ಉರುಳಿಸಿದರೆ ಫೋಟೋ ತೆಗೆಯೋಕೆ ಓಡಬೇಡಿ, ಹೊಗಳಲೂ ಬೇಡಿ. ನೀವು ಪಕ್ಕದಲ್ಲೇ ಬಟ್ಟೆ ಮಡಚುತ್ತಾ ಇರಿ, ಸಾಕು.

ಕೋಣೆ ಅವನದೇ ಆಗಿರಲಿ. ತೊಟ್ಟಿಲು, ಡೈಪರ್ ಪೆಟ್ಟಿಗೆ ಯಾವುದೂ ಅಲ್ಲಿಗೆ ಬೇಡ. ಬಾಗಿಲಿನ ಹೊರಗೆ ಐದಡಿ ಎತ್ತರದಲ್ಲಿ ಒಂದು ಚಿಲಕ ಹಾಕಿಸಿ, ಅವನು ಶಾಲೆಗೆ ಹೋದಾಗ ಮಗು ಒಳಗೆ ನುಗ್ಗಬಾರದು. ಹರಿದ ರೆಕಾರ್ಡ್ ಪುಸ್ತಕದಿಂದಾಗೋ ಜಗಳ ಒಂದು ಕಡೆ, ಅದಕ್ಕಿಂತ ದೊಡ್ಡ ಅಪಾಯ ಆ ಮೇಜಿನ ಮೇಲಿದೆ: ಕೈವಾರ, ಇಯರ್‌ಬಡ್, ರಿಮೋಟ್ ಮತ್ತು ಕ್ಯಾಲ್ಕುಲೇಟರಿನ ಬಿಲ್ಲೆ ಬ್ಯಾಟರಿ. 20 ಮಿ.ಮೀ. ಅಗಲದ ಸಿಆರ್2032 ಬಿಲ್ಲೆ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಗಡೆ ಸುಟ್ಟುಬಿಡಬಹುದು. ನುಂಗಿರಬಹುದು ಅನ್ನೋ ಅನುಮಾನ ಬಂದರೂ ವಾಂತಿ ಮಾಡಿಸಬೇಡಿ, ತಕ್ಷಣ ಎಕ್ಸ್‌ರೇ ಇರೋ ಆಸ್ಪತ್ರೆಗೆ ಓಡಿ. ಇದನ್ನು ಹುಡುಗನಿಗೂ ವಿವರಿಸಿ, ಆದರೆ ಚಿಲಕ ನೋಡಿಕೊಳ್ಳೋದು ದೊಡ್ಡವರ ಕೆಲಸ.

ನಿದ್ದೆಯದೇ ಇನ್ನೊಂದು ಕಥೆ. ಕೂಸಿಗೆ ಹಗಲಿನದೂ ಸೇರಿ 11ರಿಂದ 14 ಗಂಟೆ ಬೇಕು, ಅವನಿಗೆ 8ರಿಂದ 10. ಹದಿಹರೆಯದಲ್ಲಿ ನಿದ್ದೆ ಬರೋ ಹೊತ್ತೇ ತಡವಾಗುತ್ತೆ, ಅದು ಸೋಮಾರಿತನವಲ್ಲ. ಕೂಸನ್ನು ಎಂಟೂವರೆಗೆ ಮಲಗಿಸಿದರೆ ಆಮೇಲಿನ ಎರಡು ಗಂಟೆ ಅವನ ಓದಿಗೂ ಊಟಕ್ಕೂ ಸಿಗುತ್ತೆ. ರಜೆಯ ದಿನ ಬೆಳಗ್ಗೆ ಅವನನ್ನು ಕೂಸಿನ ಕೈಯಲ್ಲಿ ಎಬ್ಬಿಸೋ ತಮಾಷೆ ಬೇಡ.

ಬೈಯೋದು, ಮೊಬೈಲ್ ಕಿತ್ಕೊಳ್ಳೋದು, ಅಂಕಪಟ್ಟಿಗೆ ಸಹಿ ಹಾಕೋದು ಎಲ್ಲ ಅಪ್ಪನ ಕೆಲಸ. "ನೀನೇ ಹೇಳು ಅವನಿಗೆ" ಅಂತ ಗಂಡ ಜಾರಿಕೊಂಡರೆ ಒಪ್ಪಬೇಡಿ. ವಾರಕ್ಕೊಮ್ಮೆಯಾದರೂ ಅಪ್ಪ-ಮಗ ಇಬ್ಬರೇ ಹೊರಗೆ ಹೋಗಲಿ, ದೋಸೆ ತಿಂದು ಬರೋಕಾದರೂ ಸರಿ. ಕೂಸನ್ನು ಜೊತೆಗೆ ಕಳಿಸಲೇಬೇಡಿ. ಅವನ ಅಮ್ಮನ ಫೋಟೋ ಇದ್ದ ಗೋಡೆಯಲ್ಲೇ ಇರಲಿ, ತಿಥಿಯ ಅಡುಗೆಗೆ ನೀವೇ ನಿಲ್ಲಿ, ರಜೆಗೆ ಸೋದರಮಾವನ ಮನೆಗೆ ಕಳಿಸಿ. ನಿಮ್ಮನ್ನು ಅಮ್ಮ ಅಂತಾನೋ ಚಿಕ್ಕಮ್ಮ ಅಂತಾನೋ, ಅದು ಅವನಿಗೆ ಬಿಟ್ಟಿದ್ದು.

ಹುಡುಗ ಊಟ-ನಿದ್ದೆ ಬಿಟ್ಟು ವಾರಗಟ್ಟಲೆ ಮಂಕಾಗಿದ್ದರೆ 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ಗೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಕೊನೆಗೆ ಕಾಗದಪತ್ರ. ಇದನ್ನು ಯಾರೂ ಹೇಳಲ್ಲ. 1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯಲ್ಲಿ ಮಲತಾಯಿ ಸಹಜ ಪೋಷಕಿ ಅಲ್ಲ, ಅಂದರೆ ಕಾನೂನು ತಾನಾಗೇ ಒಪ್ಪೋ ಪೋಷಕಿ ಅಲ್ಲ. ಹಾಗಾಗಿ ತನಗೇನಾದರೂ ಆದರೆ ಹುಡುಗನ ಪೋಷಕರು ಯಾರು ಅಂತ ನಿಮ್ಮ ಗಂಡ ಉಯಿಲಿನಲ್ಲಿ ಬರೆದಿಡಲಿ. ಮನೆ ನಿಮ್ಮ ಹೆಸರಿಗಿದ್ದರೆ ಇನ್ನೂ ಮುಖ್ಯ: ಅದೇ ವರ್ಷದ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಮಿನ ಪ್ರಕಾರ, ಉಯಿಲಿಲ್ಲದೆ ನೀವು ತೀರಿಕೊಂಡರೆ ಆ ಮನೆ ನಿಮ್ಮ ಕೂಸಿಗೂ ಗಂಡನಿಗೂ ಹೋಗುತ್ತೆ, ನಿಮ್ಮಿಂದ ಹುಡುಗನಿಗೆ ಪಾಲಿಲ್ಲ. ಪಾಲು ಕೊಡಬೇಕು ಅನ್ನೋ ಮನಸ್ಸಿದ್ದರೆ ನಿಮ್ಮ ಉಯಿಲಿನಲ್ಲಿ ಅವನ ಹೆಸರು ಬರೀರಿ. ಛಾಪಾ ಕಾಗದ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ, ಆದರೆ ಇಬ್ಬರು ಸಾಕ್ಷಿಗಳ ಸಹಿ ಬೇಕೇ ಬೇಕು.