ಒಬ್ಬರೇ ಇರುವ ಅಮ್ಮನಿಗೆ ಕಾರು ಬೇಡ, ಹೊತ್ತಿಗೆ ಸರಿಯಾಗಿ ಬರುವ ವ್ಯಾನು ಬೇಕು

ಕಾರು ಕೊಳ್ಳಬೇಡಿ. ಅಮ್ಮನನ್ನು ಬೆಂಗಳೂರಿಗೆ ಕರೆತರುವ ಯೋಚನೆಯನ್ನೂ ಸದ್ಯಕ್ಕೆ ಬಿಡಿ. ಮಲೆನಾಡಿನ ಒಂಟಿ ಮನೆ, ಇದ್ದ ಬಸ್ಸೂ ನಿಂತಿದೆ, ಅಮ್ಮ ಮಾತು ಕಮ್ಮಿ ಮಾಡಿದ್ದಾರೆ, ಕಾರು ಕೊಂಡು ಡ್ರೈವರ್ ಇಡಲಾ ಅಥವಾ ಇಲ್ಲಿಗೇ ಕರೆತರಲಾ ಅಂತ ಕೇಳಿದ್ದೀರಿ. ನಮ್ಮ ಮನೆಯಲ್ಲಿ ನಡೆದದ್ದೂ ಇದೇ.

ನಮ್ಮದು ಕೊಪ್ಪ ತಾಲ್ಲೂಕು. ಗುಡ್ಡಕ್ಕೊಂದು ಮನೆ. ಕೈಮರದಿಂದ ನಮ್ಮ ಮನೆಗೆ ಮೂರು ಕಿಲೋಮೀಟರ್ ಮಣ್ಣು ರಸ್ತೆ. ಕೈಮರದ ತನಕ ಸಹಕಾರ ಸಾರಿಗೆ ಬಸ್ ಬರುತ್ತಿತ್ತು. ನಮ್ಮ ಕಡೆಯವರಿಗೆ ಅದರ ಬಗ್ಗೆ ಹೇಳಬೇಕಿಲ್ಲ, ಬೇರೆಯವರೂ ಓದಬಹುದು ಅಂತ ಹೇಳುತ್ತೇನೆ. ಖಾಸಗಿ ಬಸ್ ಕಂಪನಿಯೊಂದು ಬಾಗಿಲು ಹಾಕಿದಾಗ ಅದರ ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ ಸಂಘ ಅದು. ಡ್ರೈವರ್, ಕಂಡಕ್ಟರುಗಳೇ ಮಾಲೀಕರು. 6 ಬಸ್ಸಿನಿಂದ ಶುರುವಾಗಿ 70ಕ್ಕೂ ಜಾಸ್ತಿ ಬಸ್ಸಿನ ತನಕ ಬೆಳೆಯಿತು. ಆಮೇಲೆ ನಷ್ಟ ತಾಳಲಾರದೆ 2020ರ ಫೆಬ್ರವರಿಯಲ್ಲಿ ನಿಂತೇ ಹೋಯಿತು. ಮುಂದಿನ ತಿಂಗಳು ಲಾಕ್‌ಡೌನ್.

ಆ ಬಸ್ಸಿನ ಕಂಡಕ್ಟರ್ ಪೇಟೆಯ ಮೆಡಿಕಲ್‌ನಿಂದ ಅಮ್ಮನ ಬಿಪಿ ಮಾತ್ರೆ ತಂದು ಕೈಮರದ ಅಂಗಡಿಯಲ್ಲಿ ಕೊಟ್ಟು ಹೋಗುತ್ತಿದ್ದರು. ಅಮ್ಮ ಎರಡು ವಾರ ಕಾಣದಿದ್ದರೆ, ನಮ್ಮ ಕಡೆಯಿಂದ ಹತ್ತಿದವರನ್ನು "ಅಮ್ಮ ಹುಷಾರಿದ್ದಾರಾ?" ಅಂತ ವಿಚಾರಿಸುತ್ತಿದ್ದರು. ಬಸ್ಸಿನ ಜೊತೆ ಇದೂ ಹೋಯಿತು. ಇದು ಹೋಗಿದೆ ಅಂತ ನಮಗೆ ಗೊತ್ತಾಗಲು ತುಂಬಾ ದಿನ ಬೇಕಾಯಿತು.

ಲಾಕ್‌ಡೌನ್ ಮುಗಿದ ಮೇಲೆ ಊರಿನಿಂದ ಹೊರಗಿರುವ ನಾವು ಕೆಲವರು ಸೇರಿ ಒಂದು ವ್ಯವಸ್ಥೆ ಮಾಡಿದೆವು. ಊರಿನಲ್ಲೇ ಒಬ್ಬ ಹುಡುಗನ ಹಳದಿ ಬೋರ್ಡಿನ ವ್ಯಾನು ಇತ್ತು. "ವಯಸ್ಸಾದವರು ಯಾರು ಫೋನ್ ಮಾಡಿದರೂ ಕರೆದುಕೊಂಡು ಹೋಗು, ಬಾಡಿಗೆ ನಾವು ಕೊಡ್ತೀವಿ" ಅಂದೆವು. ಅವರು ಒಂದು ಪೈಸೆಯನ್ನೂ ಕೊಡಬೇಕಿಲ್ಲ. ಯಾವಾಗ ಬೇಕಾದರೂ ಕರೆಯಬಹುದು. ಇದಕ್ಕಿಂತ ಅನುಕೂಲ ಏನಿದೆ ಅಂತ ನಾವು ಅಂದುಕೊಂಡಿದ್ದೆವು.

ನಾವು ತಪ್ಪಿದ್ದು ಇಲ್ಲೇ. ನೀವು ಕಾರು ಕೊಂಡರೂ ಇದೇ ಆಗುತ್ತದೆ, ಅದಕ್ಕೇ ಬಿಡಿಸಿ ಹೇಳುತ್ತೇನೆ.

ಯಾರೂ ಫೋನ್ ಮಾಡಲಿಲ್ಲ. ಆಸ್ಪತ್ರೆಗೆ ಹೋಗಬೇಕಾದಾಗ ಮಾತ್ರ ಮಾಡಿದರು, ಅದೂ ಜ್ವರ ಏರಿ ಎರಡು ದಿನ ಆದ ಮೇಲೆ. ನೆಟ್‌ವರ್ಕ್ ಸಿಗದೆ ಹೀಗಾಗಿರಬೇಕು ಅಂದುಕೊಂಡೆವು. ಆದರೆ ನೆಟ್‌ವರ್ಕ್ ಸಿಗುವ ಮನೆಯವರೂ ಕರೆಯುತ್ತಿರಲಿಲ್ಲ. ಕೊನೆಗೆ ಅಮ್ಮನನ್ನೇ ಕೇಳಿದೆ. "ಫೋನ್ ಮಾಡಿ ಏನಂತ ಹೇಳ್ಲಿ? ಸುಮ್ನೆ ಪೇಟೆಗೆ ಹೋಗ್ಬೇಕು ಅಂತ ಹೇಳೋಕಾಗುತ್ತಾ? ನಾನೊಬ್ಳು ಹೋಗಿ ಬರೋಕೆ ಅವನ ಕೆಲಸ ಕೆಡಿಸ್ಲಾ?" ಅಂದರು.

ಬಸ್ ಹತ್ತುವಾಗ ಯಾರಿಗೂ ಕಾರಣ ಕೊಡಬೇಕಿರಲಿಲ್ಲ. ಬಸ್ ಹೇಗೂ ಹೋಗುತ್ತದೆ, ಟಿಕೆಟ್ ತಗೊಂಡರೆ ಸೀಟು ನಮ್ಮದು. ಫೋನ್ ಮಾಡಬೇಕು ಅಂದ ಕೂಡಲೇ ಆ ಓಡಾಟ ಒಬ್ಬರ ಉಪಕಾರವಾಗುತ್ತದೆ. ದುಡ್ಡು ನಾವೇ ಕೊಡುತ್ತೇವೆ ಅಂದಿದ್ದರಿಂದ ಹಂಗು ಇನ್ನೂ ಹೆಚ್ಚಾಯಿತು. ಆಸ್ಪತ್ರೆಗಾದರೆ ದಾಕ್ಷಿಣ್ಯವಿಲ್ಲ. ತಂಗಿಯನ್ನು ನೋಡಬೇಕು ಅನ್ನಿಸಿದ್ದಕ್ಕೆ, ಬಳೆ ಅಂಗಡಿಗೆ, ದೇವಸ್ಥಾನಕ್ಕೆ ವ್ಯಾನು ಕರೆಸುವುದಕ್ಕೆ ಆ ತಲೆಮಾರಿನ ಹೆಂಗಸರಿಗೆ ಬಾಯಿ ಬರುವುದಿಲ್ಲ.

ಆ ಮಳೆಗಾಲದಲ್ಲಿ ಚಿಕ್ಕಮ್ಮನಿಗೆ ಹುಷಾರಿರಲಿಲ್ಲ. ಅವರ ಮನೆ ವ್ಯಾನಿನಲ್ಲಿ ಅರ್ಧ ಗಂಟೆ ದಾರಿ. ಅಮ್ಮನಿಗೆ ನೋಡಿ ಬರುವ ಆಸೆ. ಯಾರಾದರೂ ಆಸ್ಪತ್ರೆಗೆ ಹೋಗುವಾಗ ಜೊತೆಗೆ ಹೋದರಾಯಿತು ಅಂತ ಕಾದರು. ಚಿಕ್ಕಮ್ಮ ತೀರಿಕೊಂಡರು. ಮಣ್ಣಿಗೆ ಹೋಗಲು ವ್ಯಾನು ಕರೆಸಿದರು, ಅದಕ್ಕೆ ಕಾರಣ ಇತ್ತಲ್ಲ. ನಾನು ದಿನಾ ವಿಡಿಯೋ ಕಾಲ್ ಮಾಡುತ್ತಿದ್ದೆ. ಊಟ ಆಯ್ತಾ, ಮಾತ್ರೆ ತಗೊಂಡ್ಯಾ ಅಂತ ಕೇಳುತ್ತಿದ್ದೆ. ಅಮ್ಮ ಈ ಆಸೆಯನ್ನು ಒಂದು ದಿನವೂ ನನಗೆ ಹೇಳಿರಲಿಲ್ಲ.

ಆಮೇಲೆ ವ್ಯವಸ್ಥೆಯನ್ನೇ ಬದಲಾಯಿಸಿದೆವು. ಮಂಗಳವಾರ ಮತ್ತು ಶನಿವಾರ, ಬೆಳಿಗ್ಗೆ ಹತ್ತಕ್ಕೆ ಮೇಲಿನ ಮನೆಯಿಂದ ವ್ಯಾನು ಹೊರಡುತ್ತದೆ. ಒಬ್ಬರಿದ್ದರೂ ಸರಿ, ಯಾರೂ ಇಲ್ಲದಿದ್ದರೂ ಸರಿ. ಮಧ್ಯಾಹ್ನ ಒಂದಕ್ಕೆ ಪೇಟೆಯಿಂದ ವಾಪಸ್. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟ ಮೇಲೆ ಸಂಜೆ ತನಕ ಆ ವ್ಯಾನಿಗೆ ಕೆಲಸವಿರುವುದಿಲ್ಲ, ಹಾಗಾಗಿ ಬಾಡಿಗೆಯೂ ಕಮ್ಮಿಗೆ ಕುದುರಿತು. ಹದಿನೈದು ಮನೆಯವರು ಸೇರಿ ಮನೆಗೆ ತಿಂಗಳಿಗೆ 300 ರೂಪಾಯಿಯಂತೆ ಕೊಡುತ್ತಾರೆ. ಅಮ್ಮನ ಪಾಲನ್ನು ಅಮ್ಮನೇ ಕೊಡುತ್ತಾರೆ, ನಾನಲ್ಲ. ಇದು ಮುಖ್ಯ.

ಮೊದಮೊದಲು ಅಮ್ಮ ಒಬ್ಬರೇ ಹೋದರು. ಆಮೇಲೆ ಕೆಳಮನೆ ಅಜ್ಜಿ ಬಾಳೆಗೊನೆ ಮಾರಲು ಬಂದರು. ಬೇಲಿ ವಿಷಯಕ್ಕೆ ಅವರಿಬ್ಬರಿಗೂ ಮಾತು ಬಿಟ್ಟು ಯಾವುದೋ ಕಾಲವಾಗಿತ್ತು. ವ್ಯಾನಿನಲ್ಲಿ ಎದುರೆದುರು ಕೂತು ಎಷ್ಟು ದಿನ ಸುಮ್ಮನಿರೋಕಾಗುತ್ತದೆ? ಬೇಲಿ ಈಗಲೂ ಇತ್ಯರ್ಥವಾಗಿಲ್ಲ, ಮಾತು ಮಾತ್ರ ನಡೆದಿದೆ. ಮಂಡಿ ನೋವಿನ ಮೇಲ್ಮನೆ ಅಜ್ಜಯ್ಯನಿಗೆ ವ್ಯಾನಿನ ಮೆಟ್ಟಿಲು ಎತ್ತರ ಅಂತ ಹುಡುಗ ಸೀಟಿನ ಕೆಳಗೆ ಒಂದು ಮರದ ಮಣೆ ಇಟ್ಟುಕೊಂಡಿದ್ದಾನೆ. ನಿಲ್ಲಿಸಿದ ಕೂಡಲೇ ಇಳಿದು, ಮಣೆ ಹಾಕಿ, ಅಜ್ಜಯ್ಯನ ಕೊಡೆ ಈಸಿಕೊಂಡು ಆಮೇಲೆ ಕೈ ಕೊಡುತ್ತಾನೆ. ಯಾರಾದರೂ ಬರದಿದ್ದರೆ ಅವರ ಮನೆ ಮುಂದೆ ಹಾರ್ನ್ ಹೊಡೆದು, ಒಳಗಿನಿಂದ ಉತ್ತರ ಬಂದ ಮೇಲೇ ಮುಂದೆ ಹೋಗುತ್ತಾನೆ. ಕಂಡಕ್ಟರ್ ಮಾಡುತ್ತಿದ್ದ ವಿಚಾರಣೆ ಹೀಗೆ ಮತ್ತೆ ಶುರುವಾಯಿತು.

ಪೇಟೆಯಲ್ಲಿ ಎರಡು ಗಂಟೆಯಾದರೂ ಬಿಡುವು ಇರಲೇಬೇಕು. ಆಸ್ಪತ್ರೆ ಬಾಗಿಲಲ್ಲಿ ವ್ಯಾನು ನಿಲ್ಲಿಸಿಕೊಂಡು ಕಾಯುವ ಹಾಗಿದ್ದರೆ ಜನ ಕೆಲಸ ಮುಗಿಸಿ ಓಡಿ ಬರುತ್ತಾರೆ, ಯಾರನ್ನೂ ಮಾತಾಡಿಸುವುದಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಮೇಲೆ ಅಮ್ಮ, ಅಜ್ಜಿ ಎಲ್ಲ ಕೆಲವೊಮ್ಮೆ ಪೇಟೆಯಿಂದ ಸರ್ಕಾರಿ ಬಸ್ ಹಿಡಿದು ಶೃಂಗೇರಿಗೂ ಹೋಗಿ ಬರುತ್ತಾರೆ. ಟಿಕೆಟ್ ಇಲ್ಲ ಅನ್ನುವುದು ದೊಡ್ಡ ವಿಷಯವೇ. ಆದರೆ ಮನೆಯಿಂದ ಬಸ್ಸಿನ ತನಕ ಬರೋಕೆ ದಾರಿ ಇಲ್ಲದಿದ್ದರೆ ಅದು ಅವರಿಗೆ ಸಿಗುತ್ತಲೇ ಇರಲಿಲ್ಲ.

ಕಾನೂನಿನ ಮಾತು. ಬಿಳಿ ಬೋರ್ಡಿನ ಗಾಡಿಯಲ್ಲಿ ದುಡ್ಡು ತಗೊಂಡು ಜನ ಕೂರಿಸಬೇಡಿ. ಅಪಘಾತವಾದರೆ ಇನ್ಶೂರೆನ್ಸ್ ತಕರಾರು ಬರುತ್ತದೆ. ಹಳದಿ ಬೋರ್ಡ್ ಇದ್ದರೂ ದಾರಿಯಲ್ಲಿ ಕೈ ತೋರಿಸಿದವರನ್ನು ಹತ್ತಿಸಿ ತಲೆಗಿಷ್ಟು ಅಂತ ವಸೂಲಿ ಮಾಡುವ ಹಾಗಿಲ್ಲ, ಅದಕ್ಕೆ ಬೇರೆ ಪರ್ಮಿಟ್ ಬೇಕು. ಗುಂಪಿನವರು ಸೇರಿ ಇಡೀ ಗಾಡಿಯನ್ನು ಬಾಡಿಗೆಗೆ ತಗೊಳ್ಳಬೇಕು. ಯಾವ ಯಾವ ಮನೆಯವರು ಅಂತ ಬರೆದಿಟ್ಟ ಕಾಗದ ಗಾಡಿಯಲ್ಲೇ ಇರಲಿ.

ಸರ್ಕಾರಿ ಬಸ್ಸಿಗೆ ಪ್ರಯತ್ನ ಬಿಡಬೇಡಿ. ಪಂಚಾಯ್ತಿಯಲ್ಲಿ ಠರಾವು ಮಾಡಿಸಿ ಡಿಪೋಗೆ ಅರ್ಜಿ ಕೊಡಿ. ಕೇರಳದಲ್ಲಿ 2022ರಲ್ಲಿ ಗ್ರಾಮವಂಡಿ ಅಂತ ಶುರು ಮಾಡಿದರು. ಬಸ್ಸು, ಸಿಬ್ಬಂದಿ ಸಾರಿಗೆ ನಿಗಮದ್ದು, ಡೀಸೆಲ್ ಖರ್ಚು ಪಂಚಾಯ್ತಿಯದ್ದು. ದಾರಿಯನ್ನೂ ಪಂಚಾಯ್ತಿಯೇ ಹೇಳಬಹುದು. ನಮ್ಮಲ್ಲೂ ಹೀಗೆ ಮಾಡಿ ಅಂತ ನಾನು ಗ್ರಾಮಸಭೆಯಲ್ಲಿ ಕೇಳುತ್ತಲೇ ಇದ್ದೇನೆ. ನೀವೂ ಕೇಳಿ.

ಬೆಂಗಳೂರಿಗೆ ಕರೆತರುವ ವಿಷಯ. ಅಮ್ಮನೇ ಬರುತ್ತೇನೆ ಅಂದರೆ ಖಂಡಿತ ಕರೆತನ್ನಿ. ಆದರೆ ಊರಿನಲ್ಲಿ ಮಾತಾಡಲು ಜನ ಸಿಗುತ್ತಿಲ್ಲ ಅಂತ, ಬಾಗಿಲು ಹಾಕಿಕೊಂಡೇ ಇರುವ ಫ್ಲಾಟಿಗೆ ತಂದು ಕೂರಿಸಿದರೆ ಏನು ಸಿಕ್ಕ ಹಾಗಾಯಿತು? ನೀವು ಬೆಳಿಗ್ಗೆ ಆಫೀಸಿಗೆ ಹೋದರೆ ಬರುವುದು ರಾತ್ರಿ ಅಲ್ವಾ?

ಶುರು ಮಾಡುವುದಾದರೆ ದಸರಾ ಕಳೆದು ಮಳೆ ನಿಂತ ಮೇಲೆ ಮಾಡಿ. ಮುಂದಿನ ಮಳೆಗಾಲ ಬರುವಷ್ಟರಲ್ಲಿ ಜನಕ್ಕೆ ಅಭ್ಯಾಸವಾಗಿರುತ್ತದೆ. ಯಾವ ವಾರ, ಎಷ್ಟು ಹೊತ್ತಿಗೆ ಅನ್ನುವುದನ್ನು ಅಮ್ಮನೇ ಅಕ್ಕಪಕ್ಕದ ಮನೆಯವರ ಜೊತೆ ಮಾತಾಡಿ ಗೊತ್ತು ಮಾಡಲಿ. ಹಾಲು ಕರೆಯುವ ಹೊತ್ತು, ಆಳುಗಳ ಊಟದ ಹೊತ್ತು ಅವರಿಗೆ ಗೊತ್ತು, ನಮಗಲ್ಲ. ಮೊದಲ ಕೆಲವು ತಿಂಗಳು ವ್ಯಾನು ಖಾಲಿ ಹೋಗುವುದೇ ಜಾಸ್ತಿ. ಆ ದುಡ್ಡನ್ನು ಮೊದಲೇ ಎತ್ತಿಡಿ, ಒಂದು ಟ್ರಿಪ್ಪನ್ನೂ ತಪ್ಪಿಸಬೇಡಿ. ಒಂದು ಶನಿವಾರ ಬರಲಿಲ್ಲ ಅಂದರೆ ಮುಂದಿನ ಶನಿವಾರ ಯಾರೂ ಸೀರೆ ಉಟ್ಟು ಕಾಯುವುದಿಲ್ಲ.