ಕಾರ್ನಿಯಾ ಉಬ್ಬುತ್ತಿದೆ, ಈಗ ಏನು ಮಾಡಬೇಕು?

ಈ ಸಲದ ಅಂಕಣಕ್ಕೆ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಓದುಗರಿಂದ ಬಂದ ಪತ್ರಗಳಲ್ಲಿ ಕೆರಟೋಕೋನಸ್ (ಕಾರ್ನಿಯಾ ತೆಳುವಾಗಿ ಮುಂದಕ್ಕೆ ಉಬ್ಬುವ ಕಾಯಿಲೆ) ಮತ್ತು ಉಬ್ಬು ಮುಂದುವರಿಯದಂತೆ ಹನಿ, ಬೆಳಕಿನಿಂದ ಕಾರ್ನಿಯಾವನ್ನು ಬಿಗಿಗೊಳಿಸುವ ಕ್ರಾಸ್‌ಲಿಂಕಿಂಗ್ ಚಿಕಿತ್ಸೆ ಕುರಿತವನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಮಗನಿಗೆ 14 ವರ್ಷ, ಒಂಬತ್ತನೇ ತರಗತಿ. ಎರಡು ವರ್ಷದಲ್ಲಿ ಮೂರು ಸಲ ಕನ್ನಡಕ ಬದಲಾಯಿಸಿದ್ದೇವೆ. ಸಿಲಿಂಡರ್ ನಂಬರ್ ಒಂದೂವರೆಯಿಂದ ಮೂರೂಕಾಲಿಗೆ ಏರಿದೆ. ಬೇಸಿಗೆ ಬಂತೆಂದರೆ ಕಣ್ಣು ತುರಿಸಿ ತುರಿಸಿ ಕೆಂಪು ಮಾಡಿಕೊಳ್ಳುತ್ತಾನೆ. ಒಬ್ಬ ಡಾಕ್ಟರು ಬೇಗ ಕ್ರಾಸ್‌ಲಿಂಕಿಂಗ್ ಮಾಡಿಸಿ ಎಂದರು, ಇನ್ನೊಬ್ಬರು ಆರು ತಿಂಗಳು ನೋಡೋಣ ಎಂದರು. ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಕಾಯಬಹುದೇ?
– ಒಬ್ಬ ತಾಯಿ, ವಿದ್ಯಾನಗರ, ದಾವಣಗೆರೆ

ಉತ್ತರ: ಅಷ್ಟು ಕಾಲ ಕಾಯಬೇಡಿ, ತಾಯಿ.

ಕಾರ್ನಿಯಾ ಎಂದರೆ ಕಪ್ಪುಗುಡ್ಡೆಯ ಮೇಲಿರುವ ಗಾಜಿನಂಥ ಪದರ. ಅದರ ನಡುವಿನ ದಪ್ಪ ಸಾಮಾನ್ಯವಾಗಿ 540 ಮೈಕ್ರಾನ್ ಆಸುಪಾಸು, ಅಂದರೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಅದರೊಳಗಿನ ಕೊಲಾಜೆನ್ ಎಳೆಗಳ ಹಿಡಿತ ಸಡಿಲವಾದಾಗ, ಸೈಕಲ್ ಟ್ಯೂಬು ಸವೆದ ಜಾಗದಲ್ಲೇ ಉಬ್ಬುವ ಹಾಗೆ, ಕಣ್ಣಿನೊಳಗಿನ ಒತ್ತಡಕ್ಕೆ ಕಾರ್ನಿಯಾ ತೆಳುವಾಗಿ ಮುಂದಕ್ಕೆ ಉಬ್ಬುತ್ತದೆ. ರಾತ್ರಿ ಬೀದಿದೀಪಕ್ಕೆ ಬಾಲ ಬಂದಂತೆ ಕಾಣುವುದು, ಅಕ್ಷರದ ಪಕ್ಕ ಇನ್ನೊಂದು ಮಸುಕು ಅಕ್ಷರ ನಿಲ್ಲುವುದು, ಸಿಲಿಂಡರ್ ನಂಬರ್ ಏರುತ್ತಲೇ ಹೋಗುವುದು, ಎಲ್ಲ ಇದರ ಫಲವೇ.

ಹತ್ತರಿಂದ ಇಪ್ಪತ್ತರ ನಡುವಿನ ವಯಸ್ಸಿನಲ್ಲಿ ಈ ಕಾಯಿಲೆಗೆ ವೇಗ ಹೆಚ್ಚು. ಇಂಗ್ಲೆಂಡಿನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಕೆರಾಲಿಂಕ್ ಎಂಬ ಅಧ್ಯಯನ ನಿಮ್ಮ ಮಗನ ವಯಸ್ಸಿನವರನ್ನೇ ನೋಡಿತು. 10ರಿಂದ 16 ವರ್ಷದ 60 ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಕ್ರಾಸ್‌ಲಿಂಕಿಂಗ್, ಇನ್ನೊಂದಕ್ಕೆ ಬರೀ ಕನ್ನಡಕ ಅಥವಾ ಲೆನ್ಸ್. ಹದಿನೆಂಟು ತಿಂಗಳಿಗೆ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 7 ಮಂದಿಯಲ್ಲಿ ಕಾಯಿಲೆ ಮುಂದುವರಿದಿತ್ತು. ಪಡೆಯದವರಲ್ಲಿ ನೂರಕ್ಕೆ 43 ಮಂದಿಯಲ್ಲಿ. ಮಕ್ಕಳ ವಿಷಯದಲ್ಲಿ ಸುಮ್ಮನೆ ಕಾಯಬಾರದು ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಆಧಾರ ಬೇಕಿಲ್ಲ.

ಆದರೂ ಎರಡನೇ ಡಾಕ್ಟರ ಮಾತು ತಪ್ಪಲ್ಲ. ಕಾಯಿಲೆ ಮುಂದುವರಿಯುತ್ತಿದೆ ಎಂದು ಅಳತೆಯಲ್ಲಿ ತೋರಬೇಕು ಎಂಬುದು ಅವರ ಉದ್ದೇಶ. ಕಾರ್ನಿಯಾದ ಅತಿ ಕಡಿದಾದ ಬಿಂದು, ವರದಿಯಲ್ಲಿ ಕೆ-ಮ್ಯಾಕ್ಸ್ ಎಂದಿರುತ್ತದೆ, ಒಂದು ವರ್ಷದೊಳಗೆ 1 ಡಯಾಪ್ಟರ್ (ಕಾರ್ನಿಯಾದ ಬಾಗನ್ನು ಹೇಳುವ ಅಳತೆ) ಅಥವಾ ಹೆಚ್ಚು ಏರಿದರೆ ಮುಂದುವರಿದಿದೆ ಎಂದು ಸಾಮಾನ್ಯವಾಗಿ ಲೆಕ್ಕ. ಮಗನ ಹಳೆಯ ಟೋಪೋಗ್ರಫಿ ನಕ್ಷೆ, ಅಂದರೆ ಕಾರ್ನಿಯಾದ ಆಕಾರ ತೋರುವ ಚಿತ್ರ, ಇದ್ದರೆ ಹುಡುಕಿ ತೆಗೆಯಿರಿ, ಉತ್ತರ ಅದರಲ್ಲೇ ಸಿಗಬಹುದು. ಇಲ್ಲದಿದ್ದರೆ ಈಗೊಂದು ಮಾಡಿಸಿ, ಮೂರು ತಿಂಗಳಿಗೆ ಅದೇ ಯಂತ್ರದಲ್ಲಿ ಮತ್ತೊಂದು ಮಾಡಿಸಿ. ಒಂದು ಆಸ್ಪತ್ರೆಯ ಯಂತ್ರದ ಅಂಕಿಯನ್ನು ಇನ್ನೊಂದು ಬಗೆಯ ಯಂತ್ರದ ಅಂಕಿಗೆ ಹೋಲಿಸಿದರೆ ಇಲ್ಲದ ಏರಿಕೆ ಕಾಣುತ್ತದೆ, ಇದ್ದದ್ದು ಮರೆಯಾಗುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಾದರೆ ಮೃದು ಲೆನ್ಸನ್ನು ಒಂದೆರಡು ವಾರ, ಗಟ್ಟಿ ಲೆನ್ಸನ್ನು ಎರಡರಿಂದ ನಾಲ್ಕು ವಾರ ಮೊದಲೇ ತೆಗೆದಿಟ್ಟು ಅಳತೆಗೆ ಹೋಗಬೇಕು. ಲೆನ್ಸ್ ಒತ್ತಿದ ಕಾರ್ನಿಯಾ ತನ್ನ ನಿಜ ಆಕಾರ ತೋರುವುದಿಲ್ಲ.

ಚಿಕಿತ್ಸೆಗಿಂತ ಮೊದಲೇ, ಇಂದಿನಿಂದಲೇ ನಿಲ್ಲಬೇಕಾದದ್ದು ಕಣ್ಣುಜ್ಜುವುದು. ಬೆರಳ ಗಿಣ್ಣಿನಿಂದ ಒತ್ತಿ ಉಜ್ಜಿದಾಗಲೆಲ್ಲ ಸಡಿಲವಾದ ಪದರದ ಮೇಲೆ ನೇರ ಏಟು. ಬೈದರೆ ನಿಲ್ಲದು, ನವೆ ಕಡಿಮೆಯಾದರೆ ನಿಲ್ಲುತ್ತದೆ. ಅಲರ್ಜಿಗೆ ಒಲೊಪಟಡಿನ್ ಥರದ ಹನಿ ಬರೆಸಿಕೊಳ್ಳಿ, ಮುಚ್ಚಿದ ರೆಪ್ಪೆಯ ಮೇಲೆ ತಣ್ಣನೆಯ ಒದ್ದೆ ಬಟ್ಟೆ ಇಡಿ, ಬೋರಲು ಮಲಗಿ ಕಣ್ಣನ್ನು ದಿಂಬಿಗೆ ಒತ್ತುವ ರೂಢಿ ಇದೆಯೇ ನೋಡಿ. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸ್ಟೆರಾಯ್ಡ್ ಹನಿ ತಂದು ತಿಂಗಳುಗಟ್ಟಲೆ ಹಾಕಬೇಡಿ. ನವೆ ಥಟ್ಟನೆ ಇಳಿಯುವುದು ನಿಜ, ಆದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು, ಪೊರೆಯೂ ಬರಬಹುದು.

ಪ್ರಶ್ನೆ: ನನಗೆ 23 ವರ್ಷ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಕ್ರಾಸ್‌ಲಿಂಕಿಂಗ್‌ಗೆ ದಿನ ಕೊಟ್ಟಿದ್ದಾರೆ. ಜೊತೆಗೆ ಒಂದು ಅಧ್ಯಯನಕ್ಕೆ ಸೇರುತ್ತೀರಾ ಎಂದೂ ಕೇಳಿದ್ದಾರೆ. ಕೆಲವರಿಗೆ 30 ನಿಮಿಷದ ಬೆಳಕು, ಕೆಲವರಿಗೆ 10 ನಿಮಿಷದ್ದು, ಯಾರಿಗೆ ಯಾವುದು ಎಂದು ಕಂಪ್ಯೂಟರ್ ಆರಿಸುತ್ತದಂತೆ. ನಿನ್ನ ಮೇಲೆ ಪ್ರಯೋಗ ಮಾಡ್ತಾರೆ ಅಂತ ಮನೆಯಲ್ಲಿ ಹೆದರುತ್ತಿದ್ದಾರೆ. ನಿಜಕ್ಕೂ ಕಣ್ಣಿಗೆ ಏನು ಮಾಡುತ್ತಾರೆ?
– ಓದುಗ, ಚಳ್ಳಕೆರೆ

ಉತ್ತರ: ಮೊದಲು ಕೆಲಸದ ಕ್ರಮ. ಹನಿ ಹಾಕಿ ಕಣ್ಣು ಜೋಮು ಹಿಡಿಸುತ್ತಾರೆ, ಎಚ್ಚರದಲ್ಲೇ ಇರುತ್ತೀರಿ. ಕಾರ್ನಿಯಾದ ಮೇಲ್ಚರ್ಮವನ್ನು ನಡುವೆ 8–9 ಮಿಲಿಮೀಟರ್ ಅಗಲದಷ್ಟು ಕೆರೆದು ತೆಗೆಯುತ್ತಾರೆ. ಅದಿದ್ದರೆ ಔಷಧಿ ಒಳಗಿಳಿಯುವುದು ಕಷ್ಟ. ಆಮೇಲೆ ರೈಬೋಫ್ಲೇವಿನ್, ಅಂದರೆ ಬಿ2 ವಿಟಮಿನ್ನಿನ ಹಳದಿ ದ್ರಾವಣವನ್ನು ಎರಡರಿಂದ ಐದು ನಿಮಿಷಕ್ಕೊಮ್ಮೆ ಹನಿಸುತ್ತಾರೆ, ಹಳೆಯ ವಿಧಾನದಲ್ಲಿ ಅರ್ಧ ಗಂಟೆ. ಕಣ್ಣು ಪರೀಕ್ಷಿಸುವ ಸ್ಲಿಟ್ ಲ್ಯಾಂಪ್ ಯಂತ್ರದ ನೀಲಿ ಬೆಳಕಿನಲ್ಲಿ ಕಾರ್ನಿಯಾದ ಹಿಂದಿನ ನೀರಿನಲ್ಲೂ ಹಳದಿ ಹೊಳಪು ಕಂಡರೆ ದ್ರಾವಣ ಪೂರ್ತಿ ಇಳಿದಿದೆ ಎಂದರ್ಥ. ದಪ್ಪವನ್ನು ಮತ್ತೆ ಅಳೆದು, ಆಮೇಲೆ ಅಲ್ಟ್ರಾವಯೊಲೆಟ್-ಎ ದೀಪ ಹಚ್ಚುತ್ತಾರೆ. ಬೆಳಕು ಬಿದ್ದ ರೈಬೋಫ್ಲೇವಿನ್ ಕಾರ್ನಿಯಾದೊಳಗಿನ ಆಮ್ಲಜನಕವನ್ನು ಚುರುಕುಗೊಳಿಸಿ ಕೊಲಾಜೆನ್ ಎಳೆಗಳ ನಡುವೆ ಹೊಸ ಬೆಸುಗೆ ಹಾಕಿಸುತ್ತದೆ.

ಜರ್ಮನಿಯ ಡ್ರೆಸ್ಡೆನ್‌ನಲ್ಲಿ ವೊಲೆನ್‌ಸಾಕ್, ಸ್ಪೋರ್ಲ್, ಸೈಲರ್ ಇದನ್ನು ರೋಗಿಗಳ ಮೇಲೆ ಮಾಡಿ 2003ರಲ್ಲಿ ವರದಿ ಬರೆದಾಗ ನೋಡಿದ್ದು 22 ಜನರ 23 ಕಣ್ಣು ಮಾತ್ರ. ಅವರ ಪ್ರಮಾಣ ಪ್ರತಿ ಚದರ ಸೆಂಟಿಮೀಟರಿಗೆ 3 ಮಿಲಿವ್ಯಾಟ್, 30 ನಿಮಿಷ. ಗುಣಿಸಿದರೆ 5.4 ಜೂಲ್. ನಿಮಗೆ ಹೇಳಿರುವ 10 ನಿಮಿಷದ ವಿಧಾನದಲ್ಲಿ ಸಾಮಾನ್ಯವಾಗಿ 9 ಮಿಲಿವ್ಯಾಟ್ ಇಡುತ್ತಾರೆ, ಒಟ್ಟು ಅದೇ 5.4 ಜೂಲ್. ಲೆಕ್ಕ ಸಮವಾದರೂ ಪರಿಣಾಮ ಪೂರ್ತಿ ಸಮವಲ್ಲ. ಬೆಳಕು ಜೋರಾದಷ್ಟೂ ಆಮ್ಲಜನಕ ಬೇಗ ಖರ್ಚಾಗುತ್ತದೆ, ಹೊರಗಿನ ಗಾಳಿಯಿಂದ ಅದು ಮತ್ತೆ ತುಂಬಿಕೊಳ್ಳಲು ಪುರಸೊತ್ತು ಸಿಗುವುದಿಲ್ಲ. ಹಂದಿಯ ಕಣ್ಣಿನ ಮೇಲಿನ ಪ್ರಯೋಗದಲ್ಲಿ ಸುಮಾರು 45 ಮಿಲಿವ್ಯಾಟ್ ದಾಟಿದ ಮೇಲೆ ಕಾರ್ನಿಯಾ ಬಿಗಿಯಾಗುವುದೇ ನಿಂತಿತು. 9 ಮಿಲಿವ್ಯಾಟ್ ಆ ಗಡಿಗಿಂತ ಬಹಳ ಕೆಳಗಿದೆ, ಎಷ್ಟೋ ಕಡೆ ಈಗ ಅದೇ ದಿನನಿತ್ಯದ ವಿಧಾನ. 30 ನಿಮಿಷದ್ದು ಸ್ವಲ್ಪ ಹೆಚ್ಚು ಆಳಕ್ಕಿಳಿಯುತ್ತದೆ, 10 ನಿಮಿಷದ್ದರಲ್ಲಿ ಕಣ್ಣು ತೆರೆದು ಮಲಗುವ ಕಷ್ಟ ಕಡಿಮೆ. ನಿಮಗೆ ಯಾವ ಗುಂಪು ಬಂದರೂ ಚಿಕಿತ್ಸೆ ಸಿಕ್ಕೇ ಸಿಗುತ್ತದೆ. ಇಂಥ ಅಧ್ಯಯನಕ್ಕೆ ಸೇರಲು ನಮಗೆ ಅಡ್ಡಿ ಕಾಣುವುದಿಲ್ಲ.

ಚೀಟಿ ಎತ್ತುವುದು ಏಕೆ ಎಂದು ಮನೆಯವರಿಗೂ ಹೇಳಿ. ವಯಸ್ಸಾದಂತೆ ಈ ಕಾಯಿಲೆ ತಾನಾಗಿಯೇ ನಿಧಾನವಾಗುತ್ತದೆ. ಹೋಲಿಕೆಗೆ ಇನ್ನೊಂದು ಗುಂಪು ಇಲ್ಲದಿದ್ದರೆ ವಯಸ್ಸು ಮಾಡಿದ್ದನ್ನು ಚಿಕಿತ್ಸೆಯ ಖಾತೆಗೆ ಬರೆದುಬಿಡುತ್ತೇವೆ. ಮೆಲ್ಬರ್ನ್‌ನಲ್ಲಿ ನೂರು ಕಣ್ಣುಗಳನ್ನು ಹೀಗೆ ವಿಂಗಡಿಸಿ ಮೂರು ವರ್ಷ ಹಿಂಬಾಲಿಸಿದರು. 2014ರ ವರದಿಯಂತೆ ಚಿಕಿತ್ಸೆ ಪಡೆದ ಕಣ್ಣುಗಳ ಕೆ-ಮ್ಯಾಕ್ಸ್ ಸರಾಸರಿ 1.03 ಡಯಾಪ್ಟರ್ ಇಳಿದಿತ್ತು, ಪಡೆಯದವುಗಳದ್ದು 1.75 ಏರಿತ್ತು. ಅಮೆರಿಕದ ದೊಡ್ಡ ಅಧ್ಯಯನದಲ್ಲಿ (2017ರ ವರದಿ, 205 ರೋಗಿಗಳು) ಒಂದು ವರ್ಷಕ್ಕೆ 1.6 ಇಳಿಕೆ, ಹೋಲಿಕೆಯ ಗುಂಪಿನಲ್ಲಿ 1.0 ಏರಿಕೆ. ಆದರೆ ಅಲ್ಲಿ ಹೋಲಿಕೆಯ ಗುಂಪಿನವರಿಗೆ ಮೂರು ತಿಂಗಳ ನಂತರ ಚಿಕಿತ್ಸೆ ಪಡೆಯಲು ಅವಕಾಶ ಕೊಟ್ಟಿದ್ದರು. ಹಾಗೆ ಪಡೆದವರ ಕೊನೆಯ ಅಳತೆಯನ್ನೇ ವರ್ಷದ ಲೆಕ್ಕಕ್ಕೂ ಹಿಡಿದರು. ಮೆಲ್ಬರ್ನಿನ ಅಂಕಿಗಳನ್ನು ನಾವು ಹೆಚ್ಚು ನಂಬುವುದು ಅದಕ್ಕೇ.

ಸಹಿ ಹಾಕುವ ಮೊದಲು ಮಾಹಿತಿ ಪತ್ರವನ್ನು ಕನ್ನಡದಲ್ಲೇ ಕೇಳಿ ಪಡೆಯಿರಿ, ಮನೆಗೆ ತಂದು ಓದಿ. ಸಿಟಿಆರ್‌ಐ (ಭಾರತದ ಚಿಕಿತ್ಸಾ ಅಧ್ಯಯನಗಳ ನೋಂದಣಿ ಪಟ್ಟಿ) ಎಂದು ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ, ನೈತಿಕ ಸಮಿತಿಯ ಒಪ್ಪಿಗೆ ಆಗಿದೆಯೇ, ಅಧ್ಯಯನದಿಂದ ಕಣ್ಣಿಗೆ ತೊಂದರೆಯಾದರೆ ಚಿಕಿತ್ಸೆಯ ಖರ್ಚು ಯಾರದು, ಹೆಚ್ಚುವರಿ ತಪಾಸಣೆಗೆ ಚಳ್ಳಕೆರೆಯಿಂದ ಬಂದುಹೋಗುವ ಬಸ್ ಚಾರ್ಜ್ ಕೊಡುತ್ತಾರೆಯೇ, ಎಲ್ಲವನ್ನೂ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ. ಯಾವಾಗ ಬೇಕಾದರೂ ಹೊರಬರಬಹುದು, ಹೊರಬಂದರೂ ನಿಮ್ಮ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಹದಿನೆಂಟು ತುಂಬದವರಾದರೆ ತಂದೆತಾಯಿಯ ಸಹಿಯ ಜೊತೆಗೆ ಮಕ್ಕಳ ಒಪ್ಪಿಗೆಯನ್ನೂ ಕೇಳಬೇಕು.

ಪ್ರಶ್ನೆ: ನನ್ನ ಕಾರ್ನಿಯಾದ ತೆಳು ಜಾಗ 432 ಮೈಕ್ರಾನ್ ಎಂದು ವರದಿಯಲ್ಲಿದೆ. ಕ್ರಾಸ್‌ಲಿಂಕಿಂಗ್ ಮಾಡಿಸಲು 400 ಇದ್ದರೆ ಸಾಕು ಎಂದು ಓದಿದ್ದೆ. ಆದರೂ ಡಾಕ್ಟರು ತೆಳುವಾಯಿತು ಎನ್ನುತ್ತಾರಲ್ಲ?
– ಓದುಗಿ, ಹೊಸದುರ್ಗ

ಉತ್ತರ: ಆ 400 ಎಂಬುದು ಮೇಲ್ಚರ್ಮ ತೆಗೆದ ಮೇಲಿನ ಲೆಕ್ಕ. ಮೇಲ್ಚರ್ಮವೇ ಸುಮಾರು 50 ಮೈಕ್ರಾನ್. ನಿಮ್ಮದರಲ್ಲಿ ಅದನ್ನು ಕಳೆದರೆ ಉಳಿಯುವುದು 380ರ ಆಸುಪಾಸು. ಕಾರ್ನಿಯಾದ ಒಳಮೈಯಲ್ಲಿ ಒಂದೇ ಸಾಲು ಜೀವಕೋಶಗಳಿವೆ, ಸತ್ತರೆ ಮತ್ತೆ ಹುಟ್ಟುವುದಿಲ್ಲ. ರೈಬೋಫ್ಲೇವಿನ್ ತುಂಬಿದ 400 ಮೈಕ್ರಾನ್ ಪದರವೇ ಅವುಗಳಿಗೆ ಬೆಳಕು ತಾಗದಂತೆ ತಡೆಯುವ ಗೋಡೆ. ಡೆಕ್ಸ್‌ಟ್ರಾನ್ ಬೆರೆತ ದ್ರಾವಣವಾದರೆ ಹನಿಸುತ್ತಾ ಹೋದಂತೆ ನೀರು ಎಳೆದುಕೊಂಡು ಕಾರ್ನಿಯಾ ಇನ್ನಷ್ಟು ತೆಳುವಾಗುತ್ತದೆ. ದೀಪ ಹಚ್ಚುವ ಮುನ್ನ ಮತ್ತೆ ಅಳೆಯುವುದು ಇದಕ್ಕೇ.

ದಾರಿ ಮುಚ್ಚಿಲ್ಲ. ಕಾರ್ನಿಯಾವನ್ನು ತಾತ್ಕಾಲಿಕವಾಗಿ ಉಬ್ಬಿಸುವ ತೆಳು ದ್ರಾವಣ ಬಳಸಬಹುದು. ರೈಬೋಫ್ಲೇವಿನ್‌ನಲ್ಲಿ ನೆನೆಸಿದ ಮೃದು ಲೆನ್ಸನ್ನು ಕಣ್ಣಿನ ಮೇಲಿಟ್ಟು ದಪ್ಪ ಕೂಡಿಸುವ ವಿಧಾನವೂ ಇದೆ, ಅದನ್ನು ರೂಪಿಸಿದ್ದು ಚೆನ್ನೈನ ಡಾ. ಸೂಸನ್ ಜೇಕಬ್ ತಂಡ. ದಪ್ಪಕ್ಕೆ ತಕ್ಕಂತೆ ಬೆಳಕಿನ ಹೊತ್ತನ್ನೇ ಕಡಿಮೆ ಮಾಡುವುದು ಇನ್ನೊಂದು. ಇವುಗಳಲ್ಲಿ ಯಾವುದನ್ನು ಮಾಡುತ್ತೀರಿ ಎಂದು ನಿಮ್ಮ ಡಾಕ್ಟರನ್ನು ಕೇಳಿ.

ಪ್ರಶ್ನೆ: ತಮ್ಮ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾನೆ. ಕ್ರಾಸ್‌ಲಿಂಕಿಂಗ್ ಆದ ಮೇಲೆ ಎಷ್ಟು ದಿನಕ್ಕೆ ಕೆಲಸಕ್ಕೆ ಹೋಗಬಹುದು? ಅಪಾಯ ಏನೇನು?
– ಓದುಗ, ದಾವಣಗೆರೆ

ಉತ್ತರ: ಮೇಲ್ಚರ್ಮ ಮತ್ತೆ ಕೂಡಿಕೊಳ್ಳಲು ಮೂರರಿಂದ ಐದು ದಿನ ಬೇಕು, ಕೆಲವರಿಗೆ ವಾರ. ಅಲ್ಲಿಯವರೆಗೆ ಅದು ತೆರೆದ ಗಾಯ. ಭಟ್ಟಿಯ ಹೊಗೆ, ಉಪ್ಪು, ಕಾದ ಮರಳಿನ ಧೂಳು ಅದಕ್ಕೆ ಸೋಕಲೇಬಾರದು. ಡಾಕ್ಟರು ಗಾಯ ಮುಚ್ಚಿದೆ ಎಂದ ಮೇಲೂ ಎರಡು ವಾರ ಭಟ್ಟಿಯಿಂದ ದೂರವಿರಲಿ, ಆಮೇಲೆ ಪಕ್ಕವೂ ಮುಚ್ಚುವ ಕನ್ನಡಕ ಹಾಕಿಕೊಂಡು ಹೋಗಲಿ. ದಿನಗೂಲಿಯವರಿಗೆ ಇದು ದೊಡ್ಡ ನಷ್ಟ, ಮೊದಲೇ ಮಾಲೀಕರ ಹತ್ತಿರ ಮಾತಾಡಿಟ್ಟುಕೊಳ್ಳಿ.

ಮೊದಲ ಎರಡು ದಿನ ಉರಿ, ನೀರು ಸುರಿಯುವುದು, ಬೆಳಕು ಸಹಿಸಲಾಗದಿರುವುದು ಇದ್ದದ್ದೇ. ನೋವಿನ ಮಾತ್ರೆ ಕೊಟ್ಟಿರುತ್ತಾರೆ. ಆದರೆ ಜೋಮು ಹಿಡಿಸುವ ಹನಿಯನ್ನು ಅಂಗಡಿಯಿಂದ ತಂದು ಮನೆಯಲ್ಲಿ ಹಾಕಬೇಡಿ. ಗಾಯ ಮಾಯುವುದನ್ನೇ ಅದು ತಡೆಯುತ್ತದೆ, ಹುಣ್ಣೂ ಆಗಬಹುದು. ಕಣ್ಣಿನ ಮೇಲೆ ಇಟ್ಟಿರುವ ಬ್ಯಾಂಡೇಜ್ ಲೆನ್ಸ್ ಜಾರಿ ಬಿದ್ದರೆ ತೊಳೆದು ಮತ್ತೆ ಹಾಕಿಕೊಳ್ಳಬಾರದು, ಆಸ್ಪತ್ರೆಗೆ ಫೋನ್ ಮಾಡಿ. ತಲೆಸ್ನಾನ ಹಿಂದಕ್ಕೆ ಬಾಗಿ, ಕಣ್ಣಿಗೆ ಒಂದು ಹನಿಯೂ ನೀರು ಹೋಗದಂತೆ.

ದಿನಕ್ಕೆ ದಿನ ನೋವು ಇಳಿಯಬೇಕು. ಮೂರನೇ ದಿನದ ನಂತರ ಏರಿದರೆ, ಪಿಸುರು ಬಂದರೆ, ಟಾರ್ಚ್ ಬಿಟ್ಟಾಗ ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಅದೇ ದಿನ ಹೋಗಿ, ಸೋಂಕಾಗಿರಬಹುದು. ಹಿಂದೆ ಕಣ್ಣಿಗೆ ಹರ್ಪಿಸ್ ಆಗಿತ್ತೆಂದರೆ ಚಿಕಿತ್ಸೆಗೆ ಮೊದಲೇ ತಿಳಿಸಬೇಕು, ಅದು ಮತ್ತೆ ಕೆರಳಬಹುದು. ಮೊದಲ ತಿಂಗಳು ದೃಷ್ಟಿ ಮೊದಲಿಗಿಂತ ಮಂಜಾಗುತ್ತದೆ. ಕೆಟ್ಟುಹೋಯಿತೆಂದು ಎದೆಗುಂದಬೇಡಿ. ಮೂರು ತಿಂಗಳ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಬಂದು, ಆರರಿಂದ ಹನ್ನೆರಡು ತಿಂಗಳಿಗೆ ನೆಲೆಗೊಳ್ಳುತ್ತದೆ. ಜ್ಯೂರಿಕ್‌ನಲ್ಲಿ 117 ಕಣ್ಣುಗಳನ್ನು ನೋಡಿದ 2009ರ ವರದಿಯಲ್ಲಿ ಒಂದು ವರ್ಷಕ್ಕೆ ನೂರಕ್ಕೆ 2.9ರಷ್ಟು ಕಣ್ಣುಗಳಲ್ಲಿ ದೃಷ್ಟಿ ಅಕ್ಷರ ಫಲಕದ ಎರಡು ಸಾಲು ಅಥವಾ ಹೆಚ್ಚು ಕುಗ್ಗಿತ್ತು, 7.6ರಷ್ಟರಲ್ಲಿ ಚಿಕಿತ್ಸೆಯಾದರೂ ಉಬ್ಬು ಮುಂದುವರಿದಿತ್ತು. 35 ದಾಟಿದವರಲ್ಲಿ ತೊಂದರೆ ಹೆಚ್ಚು, ಕೆ-ಮ್ಯಾಕ್ಸ್ 58 ದಾಟಿದವರಲ್ಲಿ ವಿಫಲತೆ ಹೆಚ್ಚು.

ಪ್ರಶ್ನೆ: ಕ್ರಾಸ್‌ಲಿಂಕಿಂಗ್ ಆದ ಮೇಲೆ ಕನ್ನಡಕ ಹೋಗುತ್ತದೆಯೇ?
– ಓದುಗಿ, ಚಿತ್ರದುರ್ಗ

ಉತ್ತರ: ಇಲ್ಲ. ಉಬ್ಬಿದ್ದು ಅಲ್ಲಿಗೇ ನಿಲ್ಲಲಿ ಎಂದು ಮಾಡುವ ಚಿಕಿತ್ಸೆ ಇದು. ಕನ್ನಡಕದಲ್ಲಿ ಸ್ಪಷ್ಟ ಕಾಣದಿದ್ದರೆ ಗಟ್ಟಿ ಲೆನ್ಸ್ ಅಥವಾ ಕಣ್ಣಿನ ಬಿಳಿಭಾಗದ ಮೇಲೆ ಕೂರುವ ಸ್ಕ್ಲೀರಲ್ ಲೆನ್ಸ್ ಹಾಕಿಸುತ್ತಾರೆ. ಕನ್ನಡಕ ಬಿಡಿಸುವ ಲ್ಯಾಸಿಕ್ ನಿಮ್ಮ ಕಣ್ಣಿಗೆ ಸಲ್ಲದು, ಮೊದಲೇ ಸೋತ ಕಾರ್ನಿಯಾವನ್ನು ಅದು ಇನ್ನಷ್ಟು ಸೋಲಿಸುತ್ತದೆ.

ಪ್ರಶ್ನೆ: ಬಿ2 ವಿಟಮಿನ್, ಅಲ್ಟ್ರಾವಯೊಲೆಟ್ ಇಷ್ಟೇ ತಾನೇ? ಮಾತ್ರೆ ನುಂಗಿ ನಮ್ಮ ದುರ್ಗದ ಬಿಸಿಲಿಗೆ ನಿಂತರೆ ಆಗದೇ?
– ಓದುಗ, ಹಿರಿಯೂರು

ಉತ್ತರ: ಖಂಡಿತ ಮಾಡಬೇಡಿ. ಕಾರ್ನಿಯಾದಲ್ಲಿ ರಕ್ತನಾಳವಿಲ್ಲ, ನುಂಗಿದ ವಿಟಮಿನ್ ಅಲ್ಲಿಗೆ ಆ ಪ್ರಮಾಣದಲ್ಲಿ ತಲುಪದು. ಆಸ್ಪತ್ರೆಯ ದೀಪ 365–370 ನ್ಯಾನೋಮೀಟರಿನ ಕಿರಣವನ್ನಷ್ಟೇ, ಅಳೆದ ಪ್ರಮಾಣದಲ್ಲಿ, ಅಳೆದ ಹೊತ್ತು ಬಿಡುತ್ತದೆ. ಬಿಸಿಲಿನಲ್ಲಿ ಕಾರ್ನಿಯಾ ಸುಡುವ ಇತರ ಕಿರಣಗಳೂ ಇವೆ, ಸೂರ್ಯನನ್ನು ದಿಟ್ಟಿಸಿದರೆ ಅಕ್ಷಿಪಟಲವೇ ಸುಟ್ಟು ಹೋಗಬಹುದು. ಬಿಸಿಲಿಗೆ ಹೋಗುವಾಗ ಟೊಪ್ಪಿಗೆ, ತಂಪು ಕನ್ನಡಕ ಹಾಕಿಕೊಳ್ಳಿ. ಮಾತ್ರೆಗೆ ಹಾಕುವ ಹಣದ ಬದಲು ಒಂದು ಟೋಪೋಗ್ರಫಿ ಮಾಡಿಸಿ, ನಕ್ಷೆಯನ್ನು ಮಡಚದೆ ಫೈಲಿನಲ್ಲಿಡಿ, ಮುಂದಿನ ಸಲ ಹೋಲಿಸಲು ಬೇಕಾಗುತ್ತದೆ.