ರಿಸೀವರ್ ಆನ್ ಇದೆಯಾ ಅಂತ ತಿಳಿಯೋದು ಹೇಗೆ?

ನಿಮ್ಮ ಆಡಿಯೊ ರಿಸೀವರ್ (ಸ್ಪೀಕರ್‌ಗಳನ್ನು ನಡೆಸುವ ಆಂಪ್ಲಿಫೈಯರ್) ರಿಮೋಟಿನಲ್ಲಿ ಆನ್, ಆಫ್ ಎರಡಕ್ಕೂ ಒಂದೇ ಬಟನ್. ಅದಕ್ಕೇ ಆಟೊಮೇಶನ್ (ರಿಮೋಟಿನ ಬದಲು ತಾನಾಗಿಯೇ ಸಿಗ್ನಲ್ ಕಳಿಸುವ ವ್ಯವಸ್ಥೆ) ಓಡಿದಾಗ, ಮೊದಲೇ ಆನ್ ಇದ್ದ ರಿಸೀವರ್ ಆಫ್ ಆಗಿಬಿಡುತ್ತದೆ ಅಂದಿದ್ದೀರಿ. ಇನ್ಫ್ರಾರೆಡ್ ಸಿಗ್ನಲ್ ಹೋಗುತ್ತದೆ ಅಷ್ಟೇ, ವಾಪಸ್ ಉತ್ತರ ಬರುವುದಿಲ್ಲ.

ನಾನು ಹೇಳೋದು, ಕರೆಂಟ್ ಅಳೆಯುವ ಸ್ಮಾರ್ಟ್ ಪ್ಲಗ್ ಹಾಕಿ. ಸ್ಟ್ಯಾಂಡ್‌ಬೈನಲ್ಲಿ ರಿಸೀವರ್ ಸಾಮಾನ್ಯವಾಗಿ ಕೆಲವೇ ವ್ಯಾಟ್ ಎಳೆಯುತ್ತದೆ. ಆನ್ ಆದರೆ, ಹಾಡು ಹಾಕದೆ ಸುಮ್ನೆ ಬಿಟ್ಟರೂ, ಅದರ ಎಷ್ಟೋ ಪಟ್ಟು ಜಾಸ್ತಿ. ನಿಮ್ಮದನ್ನು ಎರಡೂ ಸ್ಥಿತಿಯಲ್ಲಿ ನೋಡಿ ನಡುವಿನ ಒಂದು ಅಂಕಿ ಆರಿಸಿಕೊಳ್ಳಿ. ಉದಾಹರಣೆಗೆ 4 ಮತ್ತು 40 ಬಂದರೆ 20 ಇಡಿ. ರೀಡಿಂಗ್ ಅದಕ್ಕಿಂತ ಕಡಿಮೆ ಇದ್ದಾಗ ಮಾತ್ರ ಪವರ್ ಸಿಗ್ನಲ್ ಹೋಗಲಿ. ಪ್ಲಗ್ ರೀಡಿಂಗ್ ಸ್ವಲ್ಪ ತಡವಾಗಿ ಬರುತ್ತದೆ, ಹಾಗಾಗಿ ಮತ್ತೆ ನೋಡುವ ಮೊದಲು ಹತ್ತು ಸೆಕೆಂಡ್ ಬಿಡಿ. ಪ್ಲಗ್ಗಿನಿಂದಲೇ ರಿಸೀವರ್ ಆಫ್ ಮಾಡಲು ಹೋಗಬೇಡಿ, ಅದು ಅಳೆಯೋಕೆ ಮಾತ್ರ ಇರಲಿ.

ಆದರೆ ಪ್ಲಗ್ ಕೊಳ್ಳುವ ಮೊದಲು ಮಾಡೆಲ್ ನಂಬರ್ ಹಾಕಿ ಹುಡುಕಿ. ಎಷ್ಟೋ ರಿಸೀವರ್‌ಗಳಿಗೆ ಆನ್‌ಗೆ ಬೇರೆ, ಆಫ್‌ಗೆ ಬೇರೆ ಕೋಡ್ ಇರುತ್ತವೆ, ರಿಮೋಟಿನಲ್ಲಿ ಬಟನ್ ಇರುವುದಿಲ್ಲ ಅಷ್ಟೇ. ಸಿಕ್ಕಿದರೆ ತಲೆನೋವೇ ಇಲ್ಲ, ಅಲ್ವಾ? ಡೆನಾನ್ ಕಂಪನಿಯ ನೆಟ್‌ವರ್ಕ್ ರಿಸೀವರ್ ಆಗಿದ್ದರೆ ಇನ್ನೂ ಸುಲಭ: ಟೆಲ್ನೆಟ್‌ನಲ್ಲಿ (ನೆಟ್‌ವರ್ಕ್ ಮೂಲಕ ಅಕ್ಷರಗಳಲ್ಲೇ ಆದೇಶ ಕಳಿಸುವ ವಿಧಾನ) ಪೋರ್ಟ್ 23ಕ್ಕೆ ‘PW?’ ಕಳಿಸಿದರೆ ಆನ್ ಇದೆಯೋ ಸ್ಟ್ಯಾಂಡ್‌ಬೈನಲ್ಲಿದೆಯೋ ಅಂತ ಅದೇ ಹೇಳುತ್ತದೆ. ನಿಮ್ಮದು ಯಾವ ಮಾಡೆಲ್?